ಸುಳ್ಳು ಕೂಗು

ಸತ್ತ ಮಂಗನ ಫೋಟೋಕ್ಕೆ ಬಂದ ಮೊದಲ ಉತ್ತರ ಒಂದು ನಗುವ ಮುಖ. ಎರಡನೆಯದು, 'ಪೂರ್ಣೇಶಣ್ಣ, ಇದು ಯಾವ ವರ್ಷದ್ದು?' ಮೂರನೆಯದು ಬರಲೇ ಇಲ್ಲ. ಪೂರ್ಣೇಶ ನೀರಿನ ಟ್ಯಾಂಕಿನ ಬುಡದಲ್ಲಿ ನಿಂತು, ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬಿಸಿಲಿಗೆ ಫೋನನ್ನು ಓರೆ ಮಾಡಿ ನೋಡುತ್ತಲೇ ಇದ್ದ. ಮಂಗ ಅಲ್ಲೇ, ಇಪ್ಪತ್ತು ಮಾರು ದೂರದಲ್ಲಿ, ಹೊನ್ನೆ ಮರದ ಬೇರಿನ ಮೇಲೆ ಒಂದು ಕೈ ಚಾಚಿಕೊಂಡು ಬಿದ್ದಿತ್ತು. ಏಳು ಗಂಟೆಗೆ ಊರಿಗೆ ನೀರು ಬಿಡಲು ಬಂದಾಗ ಕಂಡದ್ದು. ಕಂಡ ಕೂಡಲೇ ಮಾಡಬೇಕಾದ್ದನ್ನೆಲ್ಲ ಸರಿಯಾಗಿಯೇ ಮಾಡಿದ್ದ. ಹತ್ತಿರ ಹೋಗಿರಲಿಲ್ಲ, ಆಶಾ ಕಾರ್ಯಕರ್ತೆ ಭವ್ಯಾಳಿಗೆ ಫೋನ್ ಮಾಡಿದ್ದ. "ಮುಟ್ಬೇಡಿ ಮತ್ತೆ. ನಾನು ಮೇಲ್ನೋರಿಗೆ ತಿಳಿಸ್ತೀನಿ, ಅವ್ರು ಬಂದು ನೋಡ್ತಾರೆ. ಅಷ್ಟರೊಳಗೆ ಊರಿನೋರು ಯಾರೂ ಕಾಡಿಗೆ ಕಾಲಿಡಬಾರ್ದು. ದರಗು ಗುಡಿಸೋಕಂತೂ ಬೇಡ್ವೇ ಬೇಡ. ನಾನು ನಿಟ್ಟೂರಲ್ಲಿ ಸಿಕ್ಕಾಕೊಂಡಿದೀನಿ, ಬರೋದು ಮಧ್ಯಾಹ್ನ ಆಗ್ತದೆ. ನೀವೇ ಹೇಳ್ಬಿಡಿ" ಎಂದಿದ್ದಳು. "ಈಗ್ಲೇ ಗ್ರೂಪಿಗೆ ಹಾಕ್ತೀನಿ" ಎಂದಿದ್ದ. ಭವ್ಯಾ "ಗ್ರೂಪಿಗೆ ನೀವು ಹಾಕಿದ್ರೆ..." ಎಂದು ಮಾತು ನುಂಗಿ, "ಹ್ಞೂಂ, ನೋಡಿ" ಎಂದು ಫೋನಿಟ್ಟಿದ್ದಳು. ಆ ನುಂಗಿದ ಮಾತು ಅವನಿಗೆ ಪೂರ್ತಿ ಕೇಳಿಸಿತ್ತು.

ಮಂಗ ಸತ್ತರೆ ಅದರ ಮೈಮೇಲಿನ ಉಣುಗು ನೆಲಕ್ಕಿಳಿಯುತ್ತದೆ, ಒಣಗಿದೆಲೆಯ ಅಡಿ ಕೂರುತ್ತದೆ, ಮನುಷ್ಯರಿಗೆ ಕಚ್ಚಿದರೆ ಮಂಗನ ಕಾಯಿಲೆ. ಇದು ಕಣಬೈಲಿನ ಸಣ್ಣ ಮಕ್ಕಳಿಗೂ ಗೊತ್ತು. ಆದರೆ ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಲು ಆ ಒಣಗಿದೆಲೆಯ ದರಗು ಬೇಕೇ ಬೇಕು, ಕಾಡಿನ ಮರಗಳು ಎಲೆ ಉದುರಿಸುವುದೂ ಈ ಬೇಸಿಗೆಯ ಮೊದಲಲ್ಲೇ. ಹತ್ತು ಗಂಟೆಗೆ, ತಿಂಡಿಯ ಪಾತ್ರೆ ತೊಳೆದಿಟ್ಟು, ಹೆಂಗಸರು ಬಿದಿರಿನ ಜಲ್ಲೆ ಬುಟ್ಟಿ ಹೊತ್ತು ಹೊರಡುತ್ತಾರೆ. ಈಗ ಎಂಟಾಗಿತ್ತು. ಅವನು ಫೋಟೋದ ಕೆಳಗೆ 'ಇದು ಇವತ್ತಿಂದೇ, ನಮ್ಮ ಟ್ಯಾಂಕಿನ ಹತ್ರ, ದೇವರಾಣೆ' ಎಂದು ಬರೆದ. ದೇವರಾಣೆ ಎಂದದ್ದೇ ತಪ್ಪಾಯಿತೇನೋ. ಅವನು ಹಿಂದೆ ಹಂಚಿದ ಎಷ್ಟೋ ಸುದ್ದಿಗಳ ತುದಿಯಲ್ಲಿ ದೇವರಾಣೆ ಇರುತ್ತಿತ್ತು, ಹನ್ನೊಂದು ಜನಕ್ಕೆ ಕಳಿಸಿ ಎಂದಿರುತ್ತಿತ್ತು. ಉಪ್ಪು ಸಿಗುವುದಿಲ್ಲ ಎಂದು ಅವನು ಕಳಿಸಿದ್ದಕ್ಕೆ ಊರಿನ ಹೇರಂಬ ಎರಡು ಮೂಟೆ ತಂದು ಅಟ್ಟಕ್ಕೇರಿಸಿದ್ದ. ಆಮೇಲೆ ಅದೇ ಹೇರಂಬನ ತಂಗಿಯ ಮದುವೆಯ ದಿನ ಆಗುಂಬೆ ಘಾಟಿ ಕುಸಿದಿದೆ ಎಂದು ಕಳಿಸಿದ. ದಿಬ್ಬಣದ ಬಸ್ಸು ಹುಲಿಕಲ್ ಘಾಟಿಯಲ್ಲಿ ಸುತ್ತಿಕೊಂಡು ಹೋಗಿ, ಧಾರೆ ಮುಗಿದು ಎರಡನೇ ಪಂಕ್ತಿಯ ಊಟ ನಡೆಯುವಾಗ ಮುಟ್ಟಿತು. ಕುಸಿದ ಘಾಟಿ ಯಾವ ದೇಶದ್ದೋ ಏನೋ. ಥತ್, ಆ ಚಿತ್ರದಲ್ಲಿ ಜನರೆಲ್ಲ ಬೇರೆಯೇ ಥರದ ಟೋಪಿ ಹಾಕಿಕೊಂಡಿದ್ದರು, ಅದನ್ನಾದರೂ ನೋಡಬೇಡವೇ? ನೋಡಿರಲಿಲ್ಲ. ಬಂದದ್ದನ್ನು ಅವನು ಪೂರ್ತಿ ನೋಡುತ್ತಲೇ ಇರಲಿಲ್ಲ. ಹದಿನೇಳು ಗ್ರೂಪು, ಒಂದರಲ್ಲಿ ಬಂದದ್ದನ್ನು ಉಳಿದ ಹದಿನಾರಕ್ಕೆ ದಾಟಿಸುವುದೇ ದಿನದ ಕೆಲಸ. ನಿಟ್ಟೂರಿನ ಚಾ ಅಂಗಡಿಯಲ್ಲಿ ಯಾರೋ ಒಮ್ಮೆ "ಪೂರ್ಣೇಶಂಗೆ ಎಲ್ಲ ಮೊದ್ಲೇ ಗೊತ್ತಾಗ್ತದೆ ಮಾರಾಯ" ಎಂದಿದ್ದರು. ಪಂಚಾಯತಿಯ ನೀರುಗಂಟಿಗೆ ಜೀವಮಾನದಲ್ಲಿ ಸಿಕ್ಕ ಒಂದೇ ಬಿರುದು ಅದು. ಈಗ ಹೆಂಡತಿ ಸೌಜನ್ಯಾಳೂ ಅವನನ್ನು ಮ್ಯೂಟ್ ಮಾಡಿದ್ದಳು. ಎದುರಿಗೇ ಕೂತು, "ಬೇಜಾರ್ ಮಾಡ್ಕಬೇಡಿ, ಫೋನು ನಿಧಾನ ಆಗ್ತದೆ" ಎಂದಿದ್ದಳು.

ಅಕ್ಕ ಮ್ಯೂಟ್ ಮಾಡಿದ್ದಳೋ? ಹನ್ನೊಂದು ತಿಂಗಳಿಂದ ಅವನಿಗೆ ಬೇಕಾಗಿದ್ದ ಸುದ್ದಿ ಇದೊಂದೇ. ಅಕ್ಕ ದುಗ್ಗಮ್ಮ ಗದ್ದೆಯಾಚೆ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಇದ್ದವಳು. ಹೋದ ವರ್ಷ ಇದೇ ದಿನಗಳಲ್ಲಿ ದರಗಿಗೆ ಹೋಗಿ ಬಂದು, ಜ್ವರ ಹಿಡಿದು, ಸಾಗರಕ್ಕೆ, ಅಲ್ಲಿಂದ ಘಾಟಿ ಇಳಿಸಿ ಮಣಿಪಾಲಕ್ಕೆ ಕರೆದೊಯ್ದು, ಹನ್ನೆರಡನೆಯ ದಿನ ಹೋಗಿಬಿಟ್ಟಳು. ಅದಕ್ಕೆ ಹದಿನೈದು ದಿನ ಮುಂಚೆ ಅವನು ಒಂದು ಧ್ವನಿ ಸಂದೇಶ ಹಂಚಿದ್ದ. ಯಾರೋ ಡಾಕ್ಟರು ಅಂತೆ, ದಪ್ಪ ಗಂಟಲು: ಈ ವರ್ಷ ಮಂಗನ ಕಾಯಿಲೆ ಇಲ್ಲವೇ ಇಲ್ಲ, ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಕೊಡುವ ಎಣ್ಣೆ ಇದೆಯಲ್ಲ, ಅದನ್ನು ಹಚ್ಚಿದರೆ ಚರ್ಮ ಸುಟ್ಟುಹೋಗುತ್ತದೆ, ಯಾರೂ ಹಚ್ಚಬೇಡಿ. ಎಲ್ಲರಿಗೂ ಕಳಿಸಿದಂತೆ ಅಕ್ಕನಿಗೂ ಕಳಿಸಿದ್ದ. ಎರಡು ಬೂದು ಗೆರೆ ಬಂದಿತ್ತು, ತಲುಪಿತ್ತು. ಕೇಳಿದಳೋ ಇಲ್ಲವೋ ತಿಳಿಯುವಂತಿರಲಿಲ್ಲ. ನೋಡಿದ್ದು ಯಾರಿಗೂ ಗೊತ್ತಾಗಬಾರದು ಎಂದು ಅವಳು ಕೇಳಿಕೊಂಡದ್ದಕ್ಕೆ, ಅವಳ ಫೋನಿನಲ್ಲಿ ನೀಲಿ ಗೆರೆ ಬಾರದಂತೆ ಮಾಡಿಕೊಟ್ಟವನು ಇವನೇ. ಅವಳ ಹೆಣದ ಮುಂದೆ ಕೂತಾಗಲೂ ಅವನು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದುದು ಒಂದೇ: ಅಕ್ಕ ಅದನ್ನು ಕೇಳಿರಲಿಕ್ಕಿಲ್ಲ, ನಂದು ಯಾರು ಕೇಳುತ್ತಾರೆ, ಊರಿಗೆ ಊರೇ ನನ್ನನ್ನು ಮ್ಯೂಟ್ ಮಾಡಿ ಮುಚ್ಚಿಟ್ಟಿದೆ. ಹಾಗೆ ಅಂದುಕೊಂಡ ಕೂಡಲೇ ಎದೆ ಹಗುರಾಗಿ, ಮರುಗಳಿಗೆ ಬೇರೊಂದು ನೋವು ತುಂಬಿಕೊಳ್ಳುತ್ತಿತ್ತು. ಹೌದಾ ಅಕ್ಕಾ, ನೀನೂ ನನ್ನನ್ನು ಮುಚ್ಚಿಟ್ಟಿದ್ದೆಯಾ?

ಫೋನು ರಿಂಗಾಯಿತು. ಅಕ್ಕನ ಮಗಳು ಲಿಖಿತಾ. ತೀರ್ಥಹಳ್ಳಿಯ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಓದುತ್ತಿದ್ದವಳು ಅವ್ವ ಸತ್ತಾಗ ಊರಿಗೆ ಬಂದು, ಇಲ್ಲಿಂದಲೇ ಹೋಗಿಬಂದು ಮಾಡುತ್ತಾ ಓದು ಮುಗಿಸಿದ್ದಳು. ಅಪ್ಪ ಮೊದಲೇ ಇರಲಿಲ್ಲ. ಹನ್ನೊಂದು ತಿಂಗಳಲ್ಲಿ ಅವಳು ಈ ಮಾವನಿಗೆ ತಾನಾಗಿ ಫೋನ್ ಮಾಡಿದ್ದು ಇದೇ ಮೊದಲು. "ಮಾವ, ಒಂಚೂರು ಬಂದು ಹೋಗ್ತೀಯಾ? ವರ್ಷದ ಕಾರ್ಯಕ್ಕೆ ಅವ್ವನ ಫೋಟೋ ದೊಡ್ಡದು ಮಾಡಿಸ್ಬೇಕು. ಅವ್ವನ ಫೋನಲ್ಲಿ ಒಳ್ಳೇದು ಒಂದಿರಬೌದು. ಬೀಗ ಹಾಕ್ಕೊಟ್ಟೋನು ನೀನೇ ಅಲ್ವಾ?" ಎಂದಳು. "ಈಗ್ಲೇ?" ಎಂದ. "ಹೌದು, ಈಗ್ಲೇ ಬಾ" ಎಂದಳು. ಅವನು ವಾಲ್ವ್ ತಿರುಗಿಸಿ ಊರಿಗೆ ನೀರು ಬಿಟ್ಟು, ಒಂದು ಸಲ ತಿರುಗಿ ಮಂಗನನ್ನು ನೋಡಿ, ಗದ್ದೆಗಿಳಿದ.

ಕೊಯ್ಲಾದ ಗದ್ದೆ, ಒಣಗಿದ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ನಡುವಿನ ಅಂಚಿನ ಮೇಲೆ ಬಂದಾಗ ಅವನ ಕಾಲು ತಾನಾಗಿಯೇ ನಿಂತಿತು. ಇಲ್ಲೇ ನಿಂತು ಕೂಗಬೇಕು. ಇಲ್ಲಿಂದ ಕೂಗಿದರೆ ಎರಡೂ ಬದಿಯ ಗುಡ್ಡಕ್ಕೆ ತಾಗಿ ಹನ್ನೆರಡು ಮನೆಗೂ ಕೇಳುತ್ತದೆ. ಫೋನಿಲ್ಲದ ಕಾಲದಲ್ಲಿ ಕಣಬೈಲಿಗೆ ಇದ್ದದ್ದು ಕೂ ಒಂದೇ. ಉದ್ದಕ್ಕೆ ಒಂದು ಕೂ ಅಂದರೆ 'ಇದ್ದೀಯಾ?' ಅದಕ್ಕೆ ಆಚೆಯಿಂದ ಒಂದು ಕೂ, 'ಇದ್ದೀನಿ.' ಚಿಕ್ಕದಾಗಿ ಮೂರು ಕೂ ಅಂದರೆ ಕೇಡು. ಹುಲ್ಲಿನ ಬಣವೆಗೆ ಬೆಂಕಿಯೋ, ಬಾವಿಗೆ ಯಾರೋ ಬಿದ್ದದ್ದೋ, ಕೇಳಿದವನು ಕೈಲಿದ್ದದ್ದನ್ನು ಬಿಟ್ಟು ಓಡಿ ಬರಬೇಕು, ಓಡುವಾಗ ಮುಂದಿನ ಮನೆಗೆ ತಾನೂ ಕೂಗಬೇಕು. ಎಂಟು ವರ್ಷದವನಿದ್ದಾಗ ಒಂದು ಮಧ್ಯಾಹ್ನ ಅವನು ಸುಮ್ಮನೆ, ಬರುತ್ತಾರೋ ನೋಡೋಣ ಎಂದು, ಈ ಅಂಚಿನ ಮೇಲೆ ನಿಂತು ಮೂರು ಸಲ ಕೂಗಿದ್ದ. ಬಂದರು! ಎಂಜಲು ಕೈಯಲ್ಲೇ ಬಂದರು, ಕೊಡಪಾನ ಹಿಡಿದು ಬಂದರು, ಜಟ್ಟಪ್ಪ ತೋಡು ಹಾರುವಾಗ ಬಿದ್ದು ಮೊಣಕಾಲಿನ ಮಾಂಸ ಕಿತ್ತುಕೊಂಡು ರಕ್ತ ಸುರಿಸುತ್ತಾ ಬಂದ. ತಾನು ಕೂಗಿದ್ದಕ್ಕೆ ಇಷ್ಟೆಲ್ಲ ಜನ! ಆ ಗಳಿಗೆಯ ಖುಷಿ ಇನ್ನೂ ಅವನ ಮೈಯಲ್ಲಿದೆ, ಸುಳ್ಳು ಯಾಕೆ. ಹದಿನೇಳು ಗ್ರೂಪಿನಲ್ಲಿ ಅವನು ಹುಡುಕುತ್ತಿದ್ದದ್ದು ಅದನ್ನೇ ಇರಬೇಕು. ಅಪ್ಪ ಹೊಡೆಯಲು ಕೋಲೆತ್ತಿದಾಗ ಅಕ್ಕ ಅಡ್ಡ ಬಂದಳು. ಅವಳಿಗಾಗ ಹದಿನಾರು. "ಹೊಡೆದ್ರೆ ಇವಂಗೆ ನೋವಾಗ್ತದೆ ಅಷ್ಟೇ. ಊರಿಗೆ ಎಂತ ಬಂತು?" ಎಂದು, ಅವನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೊರಟಳು. ಹನ್ನೊಂದು ಮನೆ. ಒಂದೊಂದು ಮನೆಯ ಅಂಗಳದಲ್ಲೂ ನಿಲ್ಲಿಸಿ, "ಹೇಳು" ಎಂದಳು. "ನಾನು ಸುಳ್ಳು ಕೂಗಿದ್ದು" ಎನ್ನಬೇಕು. ನಾಲ್ಕನೆಯ ಮನೆಯಲ್ಲಿ ಅವನಿಗೆ ಅಳು ಬಂತು, ಏಳನೆಯದರಲ್ಲಿ ಚಡ್ಡಿ ಒದ್ದೆಯಾಯಿತು, ಅವಳು ಕೈ ಬಿಡಲಿಲ್ಲ. ಕೊನೆಯ ಮನೆಯಿಂದ ಮರಳುವಾಗ ಇದೇ ಅಂಚಿನ ಮೇಲೆ ಕೂರಿಸಿ, ಸೆರಗಿನಿಂದ ಮೂಗು ಒರೆಸಿ, "ಈಗ ಸರಿಯಾಯ್ತು ನೋಡು. ಇನ್ನು ನೀ ಕೂಗಿದ್ರೆ ಬರ್ತಾರೆ" ಎಂದಿದ್ದಳು. ಅವಳ ಸೆರಗಿನಲ್ಲಿ ಬೂದಿ ಮತ್ತು ಹುಳಿಮಜ್ಜಿಗೆಯ ವಾಸನೆ ಇತ್ತು.

ಲಿಖಿತಾ ಜಗಲಿಯಲ್ಲಿ ಕೂತಿದ್ದಳು. ಅವ್ವನ ಫೋನು ಚಾರ್ಜಿಗೆ ಹಾಕಿದ್ದು ಕಿಟಕಿಯಲ್ಲಿತ್ತು, ಮೂಲೆ ಒಡೆದ, ಅವನೇ ಬಳಸಿ ಕೊಟ್ಟಿದ್ದ ಫೋನು. "ಬಂದ್ಯಾ ಮಾವ, ಕೂತ್ಕ" ಎಂದಳು, ಕಣ್ಣು ಕೊಡಲಿಲ್ಲ. ಅವನು ಮಂಗ ಸತ್ತಿರುವುದನ್ನು ಹೇಳಿದ. "ಗ್ರೂಪಲ್ಲಿ ನೋಡ್ದೆ" ಎಂದಳು. "ನಂಬಿದ್ಯಾ?" ಎಂದು ಕೇಳಿದ. ಅವಳು ಫೋನನ್ನು ತಂದು ಅವನ ಕೈಗಿಟ್ಟಳು. ಒಂಬತ್ತು ಚುಕ್ಕಿಗಳ ಮೇಲೆ ಅವನ ಹೆಬ್ಬೆರಳು ತಾನಾಗಿ ಹರಿಯಿತು, ಮೇಲಿಂದ ಕೆಳಗೆ, ಅಡ್ಡಕ್ಕೆ, ಮತ್ತೆ ಮೇಲಕ್ಕೆ. ಅಕ್ಕನಿಗೆ ಕಲಿಸುವಾಗ 'ಬೇಲಿಬಾಗಿಲ ದಣಪೆಯಿಂದ ಇಳಿದು, ಗದ್ದೆ ದಾಟಿ, ನಮ್ಮನೆಗೆ ಹತ್ತಿದ ಹಾಗೆ' ಎಂದು ಹೇಳಿಕೊಟ್ಟಿದ್ದ. ಬೀಗ ತೆರೆಯಿತು. ಅವನು ಫೋಟೋಗಳಿಗೆ ಹೋಗಬೇಕಿತ್ತು. ಹೋಗಲಿಲ್ಲ. ಹಸಿರು ಚಿಹ್ನೆಯ ಮೇಲೆ ಬೆರಳಿಟ್ಟ. ಲಿಖಿತಾ ನೋಡುತ್ತಿದ್ದಳು, ಬೇಡ ಎನ್ನಲಿಲ್ಲ.

ಎಲ್ಲರಿಗಿಂತ ಮೇಲೆ ಅವನ ಹೆಸರಿತ್ತು. 'ಪೂರ್ಣ', ಪಕ್ಕದಲ್ಲಿ ಪುಟ್ಟ ಗುಂಡುಪಿನ್ನಿನ ಗುರುತು, ಯಾವತ್ತೂ ಕೆಳಗೆ ಜಾರದಂತೆ ಚುಚ್ಚಿಟ್ಟದ್ದು. ಕೇಳದೆ ಉಳಿದದ್ದು ಎಂದು ತೋರಿಸುವ ಅಂಕಿ ಎಲ್ಲೂ ಇರಲಿಲ್ಲ. ಅವನು ಬೆರಳಿನಿಂದ ಮೇಲಕ್ಕೆ ಎಳೆಯುತ್ತಾ ಹೋದ. ಊಟವಾದ ಮೇಲೆ ತಣ್ಣೀರು ಕುಡಿಯಬೇಡಿ, ಈ ಹೂವು ಸಾವಿರ ವರ್ಷಕ್ಕೊಮ್ಮೆ ಅರಳುತ್ತದೆ, ಶುಭೋದಯ, ಶುಭೋದಯ, ಘಾಟಿ ಕುಸಿತ. ಎಲ್ಲ ಧ್ವನಿಗಳ ಮುಂದಿನ ಗುರುತೂ ನೀಲಿಯಾಗಿತ್ತು, ಎಲ್ಲವನ್ನೂ ಕೇಳಿದ್ದಳು. "ಅವ್ವ ನಿಂದು ಒಂದನ್ನೂ ಬಿಡ್ತಿರ್ಲಿಲ್ಲ ಮಾವ. ದೋಸೆ ಹೊಯ್ಯೋವಾಗ ಒಲೆ ಕಟ್ಟೆ ಮೇಲೆ ಇಟ್ಕೊಂಡು ಕೇಳ್ತಿತ್ತು. ರಜೆಗೆ ಬಂದಾಗ ನಾ ಬಯ್ತಿದ್ದೆ. ಅಷ್ಟೊತ್ತಿಗಾದ್ರೂ ನನ್ನ ನೆನಪು ಮಾಡ್ಕಂಡಿದಾನಲ್ಲ ಅಂತಿತ್ತು" ಎಂದಳು ಲಿಖಿತಾ. ಅವನು ಇಡೀ ಉದ್ದಕ್ಕೆ ತನ್ನದೊಂದು ಮಾತನ್ನು ಹುಡುಕಿದ. ಅಕ್ಕಾ ಹೇಗಿದ್ದೀಯ, ಅಕ್ಕಾ ಕಾಲು ನೋವು ಹೇಗಿದೆ, ಒಂದು, ಒಂದಾದರೂ. ಇರಲಿಲ್ಲ. ಯಾರ್ಯಾರದೋ ಗಂಟಲು, ಯಾರ್ಯಾರದೋ ಹೂವು. ಅವನ ನೆನಪೆಂದು ಅವಳು ಅದನ್ನೆಲ್ಲ ಕೇಳಿಸಿಕೊಂಡಿದ್ದಳು.

ಕೆಳಗೆ, ಆ ದಪ್ಪ ಗಂಟಲಿನ ಡಾಕ್ಟರ ಸಂದೇಶದ ನಂತರ, ಅಕ್ಕನ ಕಡೆಯಿಂದ ಹೋದದ್ದೊಂದಿತ್ತು. ಧ್ವನಿ. ಇಪ್ಪತ್ತೊಂದು ಸೆಕೆಂಡು. ಇದು ಅವನಿಗೆ ನೆನಪಿರಲಿಲ್ಲ. ಅವನ ಫೋನಿನಲ್ಲಿ ಜಾಗ ತುಂಬಿತೆಂದು ಎಲ್ಲವನ್ನೂ ಅಳಿಸಿ ಎಷ್ಟೋ ಕಾಲವಾಗಿತ್ತು. "ಒತ್ತು" ಎಂದಳು ಲಿಖಿತಾ. ಒತ್ತಿದ. ಮೊದಲು ಕಾವಲಿಯ ಮೇಲೆ ಹಿಟ್ಟು ಹೊಯ್ದ ಚುಂಯ್ ಸದ್ದು. ಆಮೇಲೆ ಅಕ್ಕ, ಆ ಜಗಲಿಯಲ್ಲೇ ನಿಂತಷ್ಟು ಹತ್ತಿರದಿಂದ. "ಪೂರ್ಣಾ... ತಿಂಡಿ ಆಯ್ತನಾ? ನೀ ಕಳ್ಸಿದ್ದು ಕೇಳ್ದೆ. ಎಣ್ಣೆ ಹಚ್ಚಬಾರ್ದು ಅಂತ ಅವ ಯಾವನೋ ಹೇಳ್ತಾನಲ್ಲ, ಹೌದನಾ ಅದು? ಭವ್ಯಾ ಹಚ್ಕಳಿ ಅಂತ ಕೊಟ್ಟು ಹೋಗಿದಾಳೆ. ನಂಗೆ ಅವನ ಪರಿಚಯ ಇಲ್ಲ ಮಾರಾಯ. ನೀ ಹೇಳು. ನೀ ಹೇಳಿದ್ರೆ ಸರಿ."

ಅದರ ಕೆಳಗೆ ಅವನ ಉತ್ತರವಿತ್ತು. ಮೇಲೆತ್ತಿದ ಒಂದು ಹೆಬ್ಬೆರಳು, ಹಳದಿ ಬಣ್ಣದ್ದು. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಅಕ್ಕ ಕಳಿಸಿದ ಅದೇ ನಿಮಿಷದಲ್ಲಿ. ಆ ಹೊತ್ತಿಗೆ ಅವನು ಎಲ್ಲಿದ್ದನೆಂದು ಅವನಿಗೆ ಗೊತ್ತು. ಟ್ಯಾಂಕಿನ ಬುಡದಲ್ಲಿ, ಒಂದು ಕೈಯಲ್ಲಿ ವಾಲ್ವಿನ ಕೀಲಿ, ಇನ್ನೊಂದರಲ್ಲಿ ಫೋನು, ಬಂದ ನೂರಾರು ಶುಭೋದಯಗಳಿಗೆ ಸಾಲಾಗಿ ಹೆಬ್ಬೆರಳು ಒತ್ತುತ್ತಾ. ಕೇಳಿರಲಿಲ್ಲ. ಜಗತ್ತಿನ ಕಂಡಕಂಡ ಗಂಟಲುಗಳನ್ನೆಲ್ಲ ಊರಿಗೆ ದಾಟಿಸಿದವನು ಅಕ್ಕನ ಇಪ್ಪತ್ತೊಂದು ಸೆಕೆಂಡು ಕೇಳಿರಲಿಲ್ಲ. ಅವಳು ಆ ಡಾಕ್ಟರನ್ನು ನಂಬಿರಲೇ ಇಲ್ಲ! ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಅಕ್ಕ, ಪರಿಚಯ ಇಲ್ಲದವನ ಮಾತು ನಂಬುವುದು ಹೇಗೆ ಎಂದು ತಡೆದು ನಿಂತು, ಗೊತ್ತಿರುವ ಒಬ್ಬನನ್ನು ಕೇಳಿದ್ದಳು. ಅವನು ಹೌದು ಎಂದಿದ್ದ. ಹನ್ನೊಂದು ತಿಂಗಳು ಅವನು ಕಾಪಾಡಿಕೊಂಡಿದ್ದ ಸಮಾಧಾನವೂ ನೋವೂ ಒಟ್ಟಿಗೇ ಬಿಚ್ಚಿಕೊಂಡವು. ಅಕ್ಕ ಮುಚ್ಚಿಟ್ಟಿರಲಿಲ್ಲ. ಅಯ್ಯೋ, ಮುಚ್ಚಿಟ್ಟಿದ್ದರೆ! ಅವನು ಇನ್ನೊಮ್ಮೆ ಒತ್ತಿದ. ತಿಂಡಿ ಆಯ್ತನಾ ಎಂಬಲ್ಲಿಗೆ ನಿಲ್ಲಿಸಿ, ಹಿಂದಕ್ಕೆಳೆದು, ಮತ್ತೆ ಅಷ್ಟನ್ನೇ ಕೇಳಿದ. ಆಯ್ತು ಅಕ್ಕಾ, ಎಂದು ಬಾಯಿ ಬಿಟ್ಟು ಹೇಳಿದ.

"ಬೀಗ ನಂಗೂ ಗೊತ್ತಿತ್ತು ಮಾವ" ಎಂದಳು ಲಿಖಿತಾ. "ಹನ್ನೊಂದನೇ ದಿನದ ಕೆಲ್ಸ ಮುಗಿದ ಮಾರನೇ ದಿನವೇ ತೆಗ್ದು ಕೇಳಿದ್ದೆ. ನಿನ್ ಮುಖ ನೋಡಕ್ಕೆ ಆಗ್ತಿರ್ಲಿಲ್ಲ. ಹೇಳಿದ್ರೆ ನೀನು ಎಂತ ಮಾಡ್ಕೊಳ್ತೀಯೋ ಅಂತ ಹೆದರಿಕೆ, ಹೇಳದಿದ್ರೆ ನಂಗೆ ನಿದ್ರೆ ಇಲ್ಲ." ಎದ್ದು ಕೊಟ್ಟಿಗೆಯ ಕಡೆ ಹೋಗಿ ಭವ್ಯಾ ಕೊಟ್ಟಿದ್ದ ಎಣ್ಣೆಯ ಚಿಕ್ಕ ಬಾಟಲಿ ತಂದು ಅವನ ಮುಂದಿಟ್ಟಳು. ಮುಚ್ಚಳದ ಸೀಲು ಒಡೆದಿರಲಿಲ್ಲ. "ಇವತ್ತು ನಿನ್ ಫೋಟೋ ಬಂತು. ಅದರ ಕೆಳಗೆ ನಗ್ತಾ ಇದಾರೆ. ಜಟ್ಟಪ್ಪಜ್ಜನ ಸೊಸೆ ಹತ್ತು ಗಂಟೆಗೆ ಹೊರಡ್ತದೆ, ನಿನ್ನೆಯೇ ಹೇಳಿತ್ತು, ನನ್ನನ್ನೂ ಕರೆದಿತ್ತು. ನೀ ಈಗ ನೂರು ಸಲ ಗ್ರೂಪಿಗೆ ಹಾಕಿದ್ರೂ ಯಾರೂ ನಂಬಲ್ಲ ಮಾವ."

"ನೀನೇ ಹೇಳಿ ಬಾ ಹಂಗಾರೆ. ನಿನ್ ಮಾತಾದ್ರೆ ನಂಬ್ತಾರೆ" ಎಂದ.

"ನಾ ಹೇಳಲ್ಲ" ಎಂದಳು. ಮೊದಲ ಬಾರಿಗೆ ಕಣ್ಣು ಕೊಟ್ಟಳು, ಅಕ್ಕನವೇ ಕಣ್ಣು, ಎಡಗಡೆಯದು ಒಂಚೂರು ಸಣ್ಣದು. "ಮಂಗ ನೋಡಿದ್ದು ನೀನು. ಮತ್ತೆ, ಅದಕ್ಕಿಂತ ಮುಂಚೆ ಹೇಳ್ಬೇಕಾದ್ದು ಬೇರೆ ಇದೆ. ಅವ್ವ ನಂಗೆ ಸಣ್ಣೋಳಿದ್ದಾಗ ಹೇಳ್ತಿತ್ತು, ನಿನ್ನ ಮನೆಮನೆಗೆ ಕರ್ಕೊಂಡು ಹೋಗಿದ್ದು."

ಜೇಬಿನಲ್ಲಿ ಅವನ ಫೋನು ಎರಡು ಸಲ ಕಂಪಿಸಿತು. ಅಭ್ಯಾಸದ ಕೈ ಅತ್ತ ಹೋಗಿ ಅರ್ಧದಲ್ಲಿ ನಿಂತಿತು. ಅವನು ಫೋನನ್ನು ತೆಗೆದು, ನೋಡದೆ, ಅಕ್ಕನ ಫೋನಿನ ಪಕ್ಕದಲ್ಲಿ ಕಿಟಕಿಯ ಮೇಲಿಟ್ಟ. ಬಾಟಲಿಯನ್ನು ಎತ್ತಿಕೊಂಡ. ಅಂಗಳಕ್ಕಿಳಿದು, ತಿರುಗಿ, ಜಗಲಿಯ ಮೇಲಿದ್ದ ಅವಳ ಎದುರಿಗೆ ನೆಟ್ಟಗೆ ನಿಂತ. ನಲವತ್ತಾರು ವರ್ಷದ ಗಂಡಸು. "ಲಿಖಿತಾ, ಹೋದ ವರ್ಷ ಎಣ್ಣೆ ಹಚ್ಚಬೇಡಿ ಅಂತ ನಾ ಕಳ್ಸಿದ್ದು ಸುಳ್ಳು. ನೋಡದೆ, ಕೇಳದೆ ಕಳ್ಸಿದ್ದು. ನಿಮ್ಮವ್ವ ಕೇಳಿದಾಗಲೂ ಕೇಳಿಸಿಕೊಳ್ಳದೆ ಹೌದು ಅಂದಿದ್ದು." ಅವಳೂ ಜಗಲಿಯಿಂದ ಅಂಗಳಕ್ಕಿಳಿದಳು. "ಒಂದಾಯ್ತು" ಎಂದಳು.

ಜಟ್ಟಪ್ಪನ ಅಂಗಳದಲ್ಲಿ ಸೊಸೆ ಆಗಲೇ ಜಲ್ಲೆಯನ್ನು ಸೊಂಟಕ್ಕೆ ಇಟ್ಟುಕೊಂಡು, ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಅವನನ್ನು ಕಂಡು, "ಎಂತ ಪೂರ್ಣೇಶಣ್ಣ, ಸತ್ತ ಮಂಗ ಎದ್ದು ಓಡಿತಾ?" ಎಂದು ನಕ್ಕಳು. ಜಟ್ಟಪ್ಪ ಬಿಸಿಲಿಗೆ ಕಾಲು ಚಾಚಿ ಕೂತಿದ್ದ. ಲುಂಗಿ ಸರಿದು ಮೊಣಕಾಲಿನ ಹಳೆಯ ಕಲೆ ಕಾಣುತ್ತಿತ್ತು. ಪೂರ್ಣೇಶ ಆ ಕಲೆಯನ್ನೇ ನೋಡುತ್ತಾ ಹೇಳಿದ, ಎಣ್ಣೆಯದು, ಅಕ್ಕನದು, ಹೆಬ್ಬೆರಳಿನದು, ಒಂದನ್ನೂ ಬಿಡದೆ. ಹೇಳಿ ಮುಗಿಸಿ, "ಇವತ್ತಿನ ಮಂಗ ನಾನೇ ಕಣ್ಣಾರೆ ನೋಡಿದ್ದು. ಟ್ಯಾಂಕಿನ ಹತ್ರ ಹೊನ್ನೆ ಮರದ ಬುಡದಲ್ಲಿದೆ. ಕಾಡಿಗೆ ಹೋಗ್ಬೇಡಿ" ಎಂದ. ಸೊಸೆಯ ನಗು ಇಂಗಿ ಹೋಗಿತ್ತು. ಬಯ್ಯುತ್ತಾರೆಂದು ಕಾದ. ಜಟ್ಟಪ್ಪ ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ, ಅವನ ಹೆಗಲ ಮೇಲಿಂದ ಆಚೆ ಎಲ್ಲೋ ನೋಡಿ, "ದುಗ್ಗಿ ಇದ್ದಿದ್ರೆ ನಿನ್ನ ಇಲ್ಲಿಗೆ ಹೋದ ವರ್ಷವೇ ತರ್ತಿತ್ತು" ಎಂದ. ಆಮೇಲೆ ಸೊಸೆಗೆ, "ಜಲ್ಲೆ ಇಳ್ಸು" ಎಂದ.

ಪೂರ್ಣೇಶ ತಿರುಗಿದ. ಜಟ್ಟಪ್ಪ ನೋಡಿದ ಕಡೆ, ದಣಪೆಯ ಆಚೆಗೆ, ಲಿಖಿತಾ ನಿಂತಿದ್ದಳು. ಒಳಗೆ ಬಂದಿರಲಿಲ್ಲ. ಅವನು ಹತ್ತಿರ ಹೋದಾಗ ಮುಂದಿನ ಮನೆಯ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಇನ್ನೂ ಒಂಬತ್ತು ಮನೆ ಇದ್ದವು. ಪೂರ್ಣೇಶ ಎಡಗೈಯಿಂದ ತನ್ನ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ನಡೆದ.